ಪರದೆಯ ಮೇಲೆ ಪ್ರಸ್ತಾರ ಹಾಕುವುದು ಎಲ್ಲಿ?

ಹಳ್ಳಿ ಕಡೆಯ ಮಕ್ಕಳಿಗೆ ಕಂಪ್ಯೂಟರ್ ಪರೀಕ್ಷೆ ಅಂದರೆ ಭಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು ನಾನು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಬರೆದು ಬಂದವರನ್ನು ಕೂರಿಸಿಕೊಂಡು ವಿಚಾರಿಸುತ್ತೇನೆ. ಅವರಲ್ಲಿ ಹೆಚ್ಚಿನವರಿಗೆ ಕಂಪ್ಯೂಟರ್ ಇಷ್ಟವೇ ಆಗಿದೆ. ಓಎಂಆರ್ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ಒಮ್ಮೆ ವೃತ್ತ ತುಂಬಿದರೆ ಮುಗಿಯಿತು; ಇಲ್ಲಿ ಕೊನೆಯ ನಿಮಿಷದವರೆಗೂ ಉತ್ತರ ಬದಲಿಸಬಹುದು. ಪ್ರಶ್ನೆ ಸಂಖ್ಯೆಗಳು ಪರದೆಯ ಮೇಲೆ ಬಣ್ಣದಲ್ಲಿರುತ್ತವೆ: ಉತ್ತರಿಸಿದ್ದು ಹಸಿರು, ನೋಡಿ ಬಿಟ್ಟದ್ದು ಕೆಂಪು, ಮತ್ತೊಮ್ಮೆ ನೋಡಬೇಕೆಂದು ಗುರುತಿಟ್ಟದ್ದು ನೇರಳೆ. 150 ಪ್ರಶ್ನೆಗಳಲ್ಲಿ ಎಷ್ಟು ಉಳಿದಿವೆ, ಮೂರು ಗಂಟೆಯಲ್ಲಿ ಎಷ್ಟು ಉಳಿದಿದೆ, ಎರಡೂ ಕಣ್ಣೆದುರೇ ಇರುತ್ತವೆ.

ಅವರ ಸಂಕಟ ಇರುವುದು ಬೇರೆ ಕಡೆ. ಒಬ್ಬ ವಿದ್ಯಾರ್ಥಿನಿ ಹೇಳಿದ ಮಾತು ನನ್ನನ್ನು ಇನ್ನೂ ಕಾಡುತ್ತದೆ: "ಮೇಡಂ, ಪದ್ಯ ಗೊತ್ತಿತ್ತು. ಆದ್ರೆ ಪೆನ್ಸಿಲ್ ಇಲ್ದೆ ಬಿಡಿಸೋಕೆ ಆಗ್ಲಿಲ್ಲ."

ಹಳಗನ್ನಡವನ್ನು ನಾವು ಕಲಿಸುವುದೇ ಪೆನ್ಸಿಲ್ ಹಿಡಿಸಿ. ಸಂಧಿ ಇದ್ದಲ್ಲಿ ಗೆರೆ ಎಳೆದು ಪದ ಬಿಡಿಸುತ್ತೇವೆ, ಅಕ್ಷರದ ನೆತ್ತಿಯ ಮೇಲೆ ಲಘು ಗುರು ಗುರುತಿಸಿ ಪ್ರಸ್ತಾರ ಹಾಕುತ್ತೇವೆ. ಕಂದಪದ್ಯವಾದರೆ ಮೊದಲ ಸಾಲಿಗೆ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯದಕ್ಕೆ ಐದು ಗಣ. ಒಟ್ಟು ಮಾತ್ರೆ 12, 20, ಮತ್ತೆ 12, 20. ಗಣ ವಿಂಗಡಿಸುತ್ತ ಹೋದಂತೆ ಪದ್ಯ ತಾನಾಗಿ ಬಾಯಿ ಬಿಡುತ್ತದೆ. ಪರದೆಯ ಮೇಲಿನ ಅಕ್ಷರದ ನೆತ್ತಿ ಕೈಗೆ ಸಿಗದು. ಪದ್ಯವನ್ನು ರಫ್ ಹಾಳೆಗೆ ಇಳಿಸಿಕೊಳ್ಳಬೇಕು. ಗಡಿಬಿಡಿಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋದರೆ ಅದರ ಹಿಂದಿನ ಗುರು ಲಘುವಾಗಿ, ಇಡೀ ಸಾಲಿನ ಲೆಕ್ಕ ತಪ್ಪುತ್ತದೆ. ಇದು ಪದ್ಯ ಬಾರದವರ ತೊಂದರೆಯಲ್ಲ. ಚೆನ್ನಾಗಿ ಬರುವವರಿಗೇ ಹೆಚ್ಚು ತಟ್ಟುತ್ತದೆ. ಛಂದಸ್ಸಿನ ಪ್ರಶ್ನೆಗಳಿಗೆ ಬೇಕಾದ ಪದ್ಯಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೈಗೆ ಕೊಟ್ಟರೆ ಯಾವ ಗುಟ್ಟು ಬಯಲಾಗುತ್ತದೆ?

ಇದರ ಜೊತೆಗೆ ನೆಟ್ ಪರೀಕ್ಷೆಯ ಮೊದಲ ಪತ್ರಿಕೆ. ಅದರ 50 ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತವೆ. ಕನ್ನಡದಲ್ಲಿ ಎಂ.ಎ. ಓದಿದವರು ಉದ್ದದ ಇಂಗ್ಲಿಷ್ ಗದ್ಯಭಾಗವನ್ನು ಪರದೆಯ ಮೇಲೆ ಸರಿಸಿ ಸರಿಸಿ ಓದಬೇಕು. ಮೇಲಾಗಿ ನಮ್ಮ ಹುಡುಗ ಹುಡುಗಿಯರು ಬೆಳೆದಿರುವುದು ಮೊಬೈಲಿನ ಜೊತೆ. ಹೆಬ್ಬೆರಳಿಗೆ ಇರುವ ಪಳಗಿಕೆ ಮೌಸ್ ಹಿಡಿದ ಕೈಗೆ ಇರುವುದಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಟು ದೂರದ ನಗರದ ಪರೀಕ್ಷಾ ಕೇಂದ್ರ ಮುಟ್ಟಿ, ಜೀವನ ನಿರ್ಧರಿಸುವ ಪರೀಕ್ಷೆಯ ದಿನವೇ ಮೊದಲ ಸಲ ಮೌಸ್ ಮುಟ್ಟಿದವರನ್ನು ನಾನು ಬಲ್ಲೆ.

2018ರ ಡಿಸೆಂಬರಿನಿಂದ ನೆಟ್ ಕಂಪ್ಯೂಟರಿಗೆ ಬಂತು. 2024ರ ಜೂನ್ 18ರಂದು ಮತ್ತೆ ಪೆನ್ನು-ಕಾಗದದಲ್ಲಿ ನಡೆಸಿದರು, ಮರುದಿನವೇ ರದ್ದು ಮಾಡಿದರು. ಆಗಸ್ಟ್ 21ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಪುನಃ ಕಂಪ್ಯೂಟರಿನಲ್ಲೇ ಪರೀಕ್ಷೆ ನಡೆಯಿತು. ಯಾವುದಕ್ಕೆ ತಯಾರಾಗಬೇಕು ಎಂದು ವಿದ್ಯಾರ್ಥಿಗಳು ಕೇಳಿದರೆ ಏನು ಹೇಳಲಿ?

ನಮ್ಮ ವಿಶ್ವವಿದ್ಯಾಲಯಗಳ ಪಾಲೂ ಇದರಲ್ಲಿದೆ. ಬಿ.ಎ.ಯಿಂದ ಎಂ.ಎ. ಮುಗಿಯುವವರೆಗೆ ಪ್ರತಿ ಸೆಮಿಸ್ಟರಿನಲ್ಲೂ ಪೆನ್ನಿನಲ್ಲಿ ಪುಟಗಟ್ಟಲೆ ಬರೆಸುತ್ತೇವೆ. ನೌಕರಿಯ ಬಾಗಿಲಲ್ಲಿ ನಿಂತಾಗ ಮಾತ್ರ ಕಂಪ್ಯೂಟರಿನ ಮುಂದೆ ಕೂರು ಅನ್ನುತ್ತೇವೆ. ಹಾಗಂತ ಸೆಮಿಸ್ಟರ್ ಪರೀಕ್ಷೆಗಳನ್ನೂ ನಾಳೆಯೇ ಕಂಪ್ಯೂಟರಿಗೆ ಹಾಕಿ ಅನ್ನುವವರ ಜೊತೆ ನಾನಿಲ್ಲ. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ 'ಸ್ತ್ರೀ' ಎಂಬ ಒಂದಕ್ಷರ ಮೂಡಲು ಆರು ಕೀಲಿ ಒತ್ತಬೇಕು. ಟೈಪಿಂಗ್ ಕಲಿಸದೆ ಪ್ರಬಂಧ ಬರೆಯಿರಿ ಅಂದರೆ ವಿಚಾರ ಇದ್ದವರೂ ಅರ್ಧ ಪುಟಕ್ಕೆ ನಿಲ್ಲುತ್ತಾರೆ. ಅದನ್ನು ತಪ್ಪಿಸಲು ಎಲ್ಲವನ್ನೂ ನಾಲ್ಕು ಆಯ್ಕೆಗಳ ಪ್ರಶ್ನೆ ಮಾಡಿಬಿಟ್ಟರೆ, ಒಂದು ಕಾವ್ಯದ ಬಗ್ಗೆ ತನ್ನದೇ ಮಾತು ಕಟ್ಟುವ ಕಸುವು ಎಲ್ಲಿ ಬೆಳೆಯಬೇಕು? ನನ್ನ ವಿದ್ಯಾರ್ಥಿಗಳೇ ಇದನ್ನು ಹೇಳುತ್ತಾರೆ: ನೆಟ್‌ಗೆ ಕಂಪ್ಯೂಟರ್ ಸರಿ, ಪಂಪನ ಮೇಲೆ ಬರೆಯುವುದಕ್ಕೆ ಪೆನ್ನೇ ಇರಲಿ. ಅವರನ್ನು ಕೇಳದೆ ಪರೀಕ್ಷೆಯ ಕ್ರಮ ಬದಲಿಸುವವರು ಈ ಮಾತನ್ನಾದರೂ ಕೇಳಿಸಿಕೊಳ್ಳಬೇಕು.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಆಂತರಿಕ ಅಂಕಗಳ ಕಿರುಪರೀಕ್ಷೆಗಳಲ್ಲಿ ಒಂದನ್ನು, ವಸ್ತುನಿಷ್ಠ ಪ್ರಶ್ನೆಗಳಿರುವುದನ್ನು, ಪ್ರತಿ ಸೆಮಿಸ್ಟರಿನಲ್ಲೂ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಡೆಸಲಿ. ಕನ್ನಡ, ಇತಿಹಾಸ, ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೂ ಲ್ಯಾಬಿನ ಬೀಗ ತೆರೆಯಲಿ. ಅದು ವಿಜ್ಞಾನ, ವಾಣಿಜ್ಯದವರ ಸ್ವತ್ತು ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಹೋಗಿಲ್ಲ. ಕನ್ನಡ ಟೈಪಿಂಗ್ ಕಲಿಕೆಗೆ ಕ್ರೆಡಿಟ್ ಕೊಡಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ, ಪರೀಕ್ಷೆ ಮಧ್ಯೆ ಹೋದರೆ ಏನು ಗತಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕಿರುಪರೀಕ್ಷೆಯನ್ನು ಮರುದಿನ ಮತ್ತೆ ನಡೆಸಬಹುದು. ನೆಟ್‌ನಲ್ಲಿ ಅಭ್ಯಾಸವಿಲ್ಲದೆ ಎಡವಿದರೆ ವಿದ್ಯಾರ್ಥಿಗಳು ಇನ್ನೊಂದು ಸರದಿ ಬರುವವರೆಗೆ ಕಾಯಬೇಕು.