ಮನೆಯ ಗಣಕ, ಮಳೆಯ ದಿನ

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ವಾಚಕರು ಮರೆತಿರಲಾರರು. ಅಂಥ ಮಳೆಯಲ್ಲಿ ಹೊರಗಿನ ತಂತಿ ಕಡಿದೊಡನೆ, ಎಲ್ಲಿಯೋ ದೂರದ ಗಣಕದಲ್ಲಿರಿಸಿದ ಪಾಠದ ಟಿಪ್ಪಣಿಗಳೂ ಕೈಗೆಟುಕದಂತಾಗುತ್ತವೆ. 1982ರ ಝಡ್‌ಎಕ್ಸ್ ಸ್ಪೆಕ್ಟ್ರಂ ಎಂಬ ಗೃಹಗಣಕದ ಸ್ಮೃತಿ ಹೆಚ್ಚೆಂದರೆ 48 ಕಿಲೋಬೈಟ್. ಆದರೂ ಅದರ ಸರ್ವಸ್ವವೂ ಒಡೆಯನ ಮನೆಯ ಕ್ಯಾಸೆಟ್ಟಿನಲ್ಲಿಯೇ ಇರುತ್ತಿತ್ತು. ಆ ಸ್ವಾತಂತ್ರ್ಯ ಮರಳಬೇಕೆಂಬುದು ನಮ್ಮ ಮತ. ಅದಕ್ಕೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಸಾಕು. ಮಡಿಕೇರಿಯ ನಮ್ಮ ಮನೆಯಲ್ಲಿ ಒಂದನ್ನಿರಿಸಿದ್ದೇವೆ. ಹಾರ್ಡ್‌ಡಿಸ್ಕ್ ಸಹಿತ ಅದಕ್ಕೆ 10 ವಾಟ್ ಬೇಕೆಂದು ಹಿಡಿಯೋಣ. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧವನ್ನೇ ಬಳಸಿದರೂ 60 ಗಂಟೆ ನಡೆದೀತು. ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನೂ ಅದರಲ್ಲಿ ತುಂಬಿಡಬಹುದು. ನೆರೆಮನೆಯ ವಿದ್ಯಾರ್ಥಿಗಳು ವೈಫೈ ಮೂಲಕವೇ ಓದಿಯಾರು. ನಮ್ಮೂರಿನ ತೇವ ಯಂತ್ರಗಳಿಗೆ ಹಗೆ. ಆದುದರಿಂದ ಎಲ್ಲದರ ಇನ್ನೊಂದು ಪ್ರತಿ ಮೈಸೂರಿನ ಬಂಧುಗಳ ಮನೆಯಲ್ಲಿರುವುದು ಲೇಸು.