ಸುಂಕವೆಂಬ ಮಾತು, ತೀರ್ವೆಯೆಂಬ ಗೊಂದಲ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ಹಿರಿಯರ ಮಾತು. ಆ ಸುಂಕದವನು ಯಾರು, ಎಲ್ಲಿ ಕುಳಿತಿದ್ದ, ಏನನ್ನು ವಸೂಲು ಮಾಡುತ್ತಿದ್ದ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಮುಖಮುಖ ನೋಡಿಕೊಳ್ಳುತ್ತಾರೆ. ಅವರಿಗೆ ‘ಟ್ಯಾಕ್ಸ್’ ಗೊತ್ತು, ಮಲಯಾಳದ ‘ನಿಗುದಿ’ ಗೊತ್ತು, ‘ಟೋಲ್’ ಎಂಬುದಂತೂ ತಲಪಾಡಿ ದಾಟುವಾಗಲೆಲ್ಲ ಕಾಣುವಂಥದು. ಸುಂಕ ಮಾತ್ರ ಗಾದೆಯೊಳಗೆ ಉಳಿದಿದೆ. ಹಾಗೆಂದು ಮಕ್ಕಳನ್ನು ನೋಡಿ ನಗುವಂತಿಲ್ಲ. ದೊಡ್ಡವರಿಗೂ ಈ ಮಾತುಗಳ ಗಡಿ ತಪ್ಪಿದೆಯೆಂಬುದು ಕೆಲವು ವರ್ಷಗಳ ಹಿಂದಿನ ಒಂದು ಸಂಗತಿಯಿಂದ ನಮಗೆ ತಿಳಿಯಿತು.

ನಮ್ಮ ವಿದ್ಯಾರ್ಥಿಯೊಬ್ಬನ ತಂದೆ, ಸಣ್ಣ ಅಡಿಕೆ ತೋಟದ ಕೃಷಿಕರು, ಒಂದು ಸಂಜೆ ಸಿಟ್ಟಿನಿಂದಲೇ ಬಂದರು. “ನೋಡಿ ಮಾಷ್ಟ್ರೆ, ಅಡಿಕೆಗೆ ತೀರ್ವೆ ಏರಿಸಬೇಕೂಂತ ನಮ್ಮವರೇ ಮನವಿ ಬರೆದು ರುಜು ಹಾಕಿಸ್ತಾ ಇದ್ದಾರೆ. ನಾನು ಹಾಕ್ಲಿಲ್ಲ” ಎಂದರು. ಮನವಿ ಮಲಯಾಳದಲ್ಲಿತ್ತು. ಅವರು ಅಕ್ಷರ ಕೂಡಿಸಿ ಓದಿದ್ದಾರೆ. ‘ಇರಕ್ಕುಮದಿ ತೀರುವ’ ಎಂಬಲ್ಲಿ ಮೊದಲನೆಯ ಪದ ಬಾಯಿಗೆ ಸಿಕ್ಕಿಲ್ಲ, ಎರಡನೆಯದು ಸಿಕ್ಕಿದೆ. ನಮ್ಮ ಕಡೆ ತೀರ್ವೆಯೆಂದರೆ ಭೂಮಿಗೆ ಕಟ್ಟುವ ಕಂದಾಯ. ಅಜ್ಜನ ಕಾಲದ ತೀರ್ವೆ ರಶೀದಿಗಳನ್ನು ಈಗಲೂ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡ ಮನೆಗಳಿವೆ. ಮಲಯಾಳದ ಆ ಎರಡು ಪದಗಳ ಅರ್ಥವಾದರೋ ಆಮದು ಸುಂಕವೆಂದು. ಹೊರದೇಶದ ಅಡಿಕೆಗೆ ಹಾಕಿ ನಮ್ಮ ಅಡಿಕೆಯ ಧಾರಣೆಯನ್ನು ಉಳಿಸತಕ್ಕ ಸುಂಕವನ್ನು, ತಮ್ಮ ತೋಟಕ್ಕೆ ಬೀಳುವ ಕಂದಾಯವೆಂದು ತಿಳಿದು ಅವರು ತಮ್ಮ ಹಿತದ ಮನವಿಗೇ ರುಜು ಹಾಕದೆ ಬಂದಿದ್ದರು. ವಿಷಯ ಬಿಡಿಸಿ ಹೇಳಿದೆವು. ಮರುದಿನ ಅವರು ಹುಡುಕಿಕೊಂಡು ಹೋದಾಗ ಮನವಿ ದಿಲ್ಲಿಗೆ ಹೋಗಿಯಾಗಿತ್ತು.

ತೆರಿಗೆ, ತೀರ್ವೆ, ಸುಂಕ ಎಂಬ ಮೂರನ್ನೂ ನಾವು ಒಂದೇ ಚೀಲಕ್ಕೆ ತುಂಬಿದ್ದೇವೆ. ತೆರಿಗೆ ‘ತೆರು’ ಎಂಬ ಧಾತುವಿನಿಂದ ಬಂದದ್ದು, ಕೊಡಬೇಕಾದುದನ್ನು ಕೊಡುವುದು. ತೀರ್ವೆ ‘ತೀರು’ ಎಂಬುದರಿಂದ. ತೀರ್ಪು, ತೀರ್ಮಾನಗಳ ಪಕ್ಕದ ಮನೆ. ಸುಂಕದ ಹುಟ್ಟು ಬೇರೆ. ಸಂಸ್ಕೃತದ ಶುಲ್ಕ ಪ್ರಾಕೃತದಲ್ಲಿ ‘ಸುಂಕ’ವಾಗಿ, ವರ್ತಕರ ಹೇರಿನ ಎತ್ತುಗಳ ಜೊತೆಗೇ ಎಂಬಂತೆ ಕನ್ನಡಕ್ಕೆ ಬಂತು. ಋಗ್ವೇದದಲ್ಲಿ ಶುಲ್ಕವೆಂದರೆ ಬೆಲೆ. ಹೆಣ್ಣಿಗೆ ಕಟ್ಟುವ ಬೆಲೆ ಕನ್ಯಾಶುಲ್ಕವಾದದ್ದು ಅದೇ ಅರ್ಥದಿಂದ. ಅಮರಕೋಶದ ಕಾಲಕ್ಕೆ ಅದು ನದಿ ದಾಟುವ ಘಟ್ಟವೇ ಮುಂತಾದ ಕಡೆ ಕೊಡತಕ್ಕ ಹಣವಾಗಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನಿಗೇ ಒಂದು ಅಧ್ಯಾಯವಿದೆ. ಊರ ಹೆಬ್ಬಾಗಿಲ ಬಳಿ ಶುಲ್ಕಶಾಲೆ, ಅದಕ್ಕೊಂದು ಧ್ವಜ. ವರ್ತಕ ಯಾರು, ಎಲ್ಲಿಂದ ಬಂದ, ಸರಕೆಷ್ಟು ಎಂದು ಬರೆದುಕೊಳ್ಳುವವರು ನಾಲ್ಕೈದು ಮಂದಿ. ಹೊರಗಿನಿಂದ ಬರುವ ಸರಕಿಗೆ ಸಾಮಾನ್ಯವಾಗಿ ಬೆಲೆಯ ಐದರಲ್ಲೊಂದು ಪಾಲು. ಎಂದರೆ ಸುಂಕವು ಸರಕಿಗೆ ಸಂಬಂಧಿಸಿದ್ದು, ಸರಕು ಒಂದು ಬಾಗಿಲನ್ನು ದಾಟುವಾಗ ಬೀಳುವಂಥದು. ಮನೆಯಲ್ಲಿ ಕುಳಿತವನಿಗೆ ಸುಂಕವಿಲ್ಲ.

ನಮ್ಮ ಶಾಸನಗಳಲ್ಲಿ ಈ ಪದಕ್ಕೆ ದೊಡ್ಡ ಸಂಸಾರವೇ ಇದೆ. ಪೆರ್ ಮತ್ತು ಸುಂಕ ಕೂಡಿ ಪೆರ್ಜುಂಕ. ಮುಂಜೆರಗಿನಲ್ಲಿ ಸಕಾರಕ್ಕೆ ಜಕಾರ ಬಂದ ಹಾಗೆಯೇ. ಪಾಲು ಹಾಲಾದಂತೆ ಅದು ಹೆರ್ಜುಂಕ, ಹೆಜ್ಜುಂಕವಾಯಿತು. ಇದು ದೊಡ್ಡ ಸುಂಕ. ಚಿಲ್ಲರೆ ಸುಂಕಗಳಿಗೆ ‘ಕಿರುಕುಳ’ವೆಂದು ಹೆಸರಿತ್ತು. ಇಂದು ಕಿರುಕುಳಕ್ಕಿರುವ ಅರ್ಥ ವಾಚಕರಿಗೆ ಗೊತ್ತೇ ಇದೆ, ನಾವು ವಿವರಿಸಬೇಕಾಗಿಲ್ಲ! ಹಾಗೆಂದು ಸುಂಕದವರೆಲ್ಲ ಕಲ್ಲೆದೆಯವರೆಂದು ಹೇಳುವಂತೆಯೂ ಇಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೆಂಬ ಶರಣನಿದ್ದ. ತಮಿಳು ನಾಡಿನಲ್ಲಿ ಒಂದನೆಯ ಕುಲೋತ್ತುಂಗ ಚೋಳನು ‘ಸುಂಗಂ ತವಿರ್ತ್ತ’, ಎಂದರೆ ಸುಂಕ ತೆಗೆದುಹಾಕಿದ, ಚೋಳನೆಂದೇ ಹೆಸರಾದ.

ಇನ್ನು ನೆರೆಯ ಮಲಯಾಳಕ್ಕೆ ಬನ್ನಿ. ನಮ್ಮ ಸಂತೆ ಅಲ್ಲಿ ಚಂದ, ಸರಕು ಚರಕ್ಕು, ಸುಂಕ ಚುಂಗಂ. ಆಲಪ್ಪುಳದಲ್ಲಿಯೂ ಕೋಟ್ಟಯದಲ್ಲಿಯೂ ಚುಂಗಂ ಎಂಬ ಸ್ಥಳಗಳಿವೆ. ನಮ್ಮ ವರ್ಕಾಡಿಯಲ್ಲಿ ಸುಂಕದಕಟ್ಟೆಯಿದೆ, ಬಜ್ಪೆಯ ಬಳಿ ಇನ್ನೊಂದು ಸುಂಕದಕಟ್ಟೆ. ಮಾತು ಎರಡೂ ಮನೆಗೆ ಒಂದೇ ಮಾರ್ಗದಲ್ಲಿ ಬಂದದ್ದು, ಯಾರೂ ಯಾರಿಂದಲೂ ಕದ್ದುದಲ್ಲ. ಇದನ್ನು ಹೇಳಿಕೊಟ್ಟ ದಿನ ನಮ್ಮ ಮಕ್ಕಳು ಮಲಯಾಳದ ಪತ್ರಿಕೆ ಹಿಡಿದು ಇನ್ನೂ ಏಳೆಂಟು ಜೋಡಿ ಪದಗಳನ್ನು ತಾವಾಗಿ ಹುಡುಕಿದರು. ಆದರೆ ನೆಂಟಸ್ತಿಕೆಯಿಂದಲೇ ಮೋಸ ಹೋಗುವುದೂ ಉಂಟು. ತೀರ್ವೆ, ತೀರುವ ಒಂದೇ ಬೇರಿನವು. ಇಲ್ಲಿ ಭೂಮಿಗೆ, ಅಲ್ಲಿ ಸರಕಿಗೆ. ಪರಿಚಿತ ಮುಖವೆಂದು ನಂಬಿದ್ದರಿಂದಲೇ ಆ ಕೃಷಿಕರು ತಪ್ಪಿದರು.

ಈಗ ರಸ್ತೆಯ ಮೇಲಿನ ಸುಂಕದಕಟ್ಟೆಗಳ ಕಾಲ ಮುಗಿದಿದೆ. 2017ರ ಜುಲೈ 1ರಂದು ಜಿ.ಎಸ್‌.ಟಿ. ಜಾರಿಗೆ ಬಂದ ಮೇಲೆ ರಾಜ್ಯಗಳ ಗಡಿಯಲ್ಲಿ ಲಾರಿ ನಿಲ್ಲಿಸಿ ಸರಕಿನ ತೆರಿಗೆ ಪರಿಶೀಲಿಸುವ ಕ್ರಮ ಹೋಯಿತು. ಸುಂಕ ಉಳಿದಿರುವುದು ಮುಖ್ಯವಾಗಿ ಬಂದರು, ವಿಮಾನ ನಿಲ್ದಾಣಗಳಲ್ಲಿ. ಅಡಿಕೆ ಬೆಳೆಯುವ ನಮಗೆ ಅದೇ ದೊಡ್ಡ ಸಂಗತಿ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ, ಅದು ಸುಂಕವಲ್ಲ, ಇದಕ್ಕಿಂತ ಕಡಿಮೆ ಬೆಲೆಗೆ ತರಿಸಬಾರದೆಂಬ ಕಟ್ಟು ಎಂದು ಎಷ್ಟು ಮನೆಗಳಲ್ಲಿ ತಿಳಿಯಿತೋ! ಧಾರಣೆ ಏರಿದರೂ ಇಳಿದರೂ ಕಾರಣ ಇಂಥ ಪದಗಳ ಹಿಂದೆ ಅಡಗಿರುತ್ತದೆ.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಸಂವಿಧಾನದ 350ನೆಯ ವಿಧಿಯೂ ಅಹವಾಲಿನ ಭಾಷೆಯನ್ನು ನಮಗೇ ಬಿಟ್ಟಿದೆ. ತೆರಿಗೆಯ ನೋಟೀಸು ಕನ್ನಡದಲ್ಲಿ ಬರಬೇಕೆಂದು ನಾವು ಕೇಳುತ್ತೇವೆ, ಕೇಳುತ್ತಲೂ ಇರಬೇಕು. ಆದರೆ ಆ ಮನವಿ ಯಾವ ಕಚೇರಿಯಲ್ಲಿ ಹುಟ್ಟಿದ್ದೂ ಅಲ್ಲ, ಬರೆದವರು ನಮ್ಮವರೇ. ಒಂದು ಮಗ್ಗುಲಲ್ಲಿ ಮಲಯಾಳ, ಇನ್ನೊಂದು ಮಗ್ಗುಲಲ್ಲಿ ಕನ್ನಡ ಬರೆಯಲು ಹೆಚ್ಚೆಂದರೆ ಅರ್ಧ ಗಂಟೆ ಹಿಡಿಯುತ್ತಿತ್ತು. ಮುಂದಿನ ಮನವಿ ಸಿದ್ಧಪಡಿಸುವವರು ನಮ್ಮ ಶಾಲೆಗೆ ಹೇಳಿ ಕಳುಹಿಸಲಿ. ಆ ಹುಡುಗನಿಗೆ ಈಗ ಎರಡೂ ಭಾಷೆ ಚೆನ್ನಾಗಿ ಬರುತ್ತದೆ, ಕನ್ನಡದ ಮಗ್ಗುಲನ್ನು ಅವನೇ ಬರೆದುಕೊಟ್ಟಾನು. ತಂದೆ ರುಜು ಹಾಕಲು ಸಿದ್ಧರಿದ್ದಾರೆ. ನಾವು ಕೇಳಿಕೊಂಡೇ ಬಂದಿದ್ದೇವೆ.