ಕ್ಲೀನರ್ ಸೈಡ್ ಖಾಲಿಯಾದಾಗ

ಕಾರು ಓಡಿಸಿ ಅಭ್ಯಾಸವಿದ್ದವರು ಮೊದಲ ಸಲ ಕ್ಯಾರವಾನ್‌ನ ಸ್ಟೇರಿಂಗ್ ಹಿಡಿದಾಗ ರೂಢಿಯಂತೆ ತಲೆಯ ಮೇಲಿನ ಕನ್ನಡಿ ನೋಡುತ್ತಾರೆ. ಅಲ್ಲಿ ರಸ್ತೆ ಕಾಣುವುದಿಲ್ಲ, ಅಡುಗೆಮನೆ ಕಾಣುತ್ತದೆ. ಒಲೆ, ಸಿಂಕು, ಮಡಚಿಟ್ಟ ಹಾಸಿಗೆ, ಬಚ್ಚಲ ಬಾಗಿಲು. ಹಿಂದೆ ಬರುತ್ತಿರುವ ಲಾರಿಯಾಗಲಿ, ಬೈಕಾಗಲಿ, ನಿಂತ ಗಾಡಿಯ ನೆರಳಲ್ಲಿ ಆಡುತ್ತಿರುವ ಮಗುವಾಗಲಿ ಆ ಕನ್ನಡಿಗೆ ಸಿಗುವುದಿಲ್ಲ. ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಟರೆ ಬೆನ್ನ ಹಿಂದಿನ ಲೋಕ ಮುಚ್ಚಿಹೋಗುವುದು ಸಹಜ.

ಕ್ಯಾರವಾನ್ ಎಂದರೆ ಸಿನಿಮಾದವರು ಬಣ್ಣ ಹಚ್ಚಿಕೊಳ್ಳುವ ಗಾಡಿ ಎಂಬ ಕಾಲ ಒಂದಿತ್ತು. ಈಗ ಹಾಗಿಲ್ಲ. 2021ರಲ್ಲಿ ಮಹಾರಾಷ್ಟ್ರವೂ ಕೇರಳವೂ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಪ್ರಕಟಿಸಿದವು. ಟೆಂಪೋ ಟ್ರಾವೆಲರ್‌ನಂಥ ಗಾಡಿಯನ್ನು ಒಳಗಿಂದ ಬದಲಿಸಿ ಮನೆ ಮಾಡಿದ ವಾಹನಗಳು ಬಾಡಿಗೆಗೆ ಸಿಗುತ್ತವೆ. ಪುಣೆಯಿಂದ ಗೋಕರ್ಣಕ್ಕೆ, ಚೆನ್ನೈಯಿಂದ ಕೊಡಗಿಗೆ, ಹೈದರಾಬಾದಿನಿಂದ ಹಂಪಿಗೆ ಅಜ್ಜಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಆಸೆ ಯಾರಿಗಾದರೂ ಬಂದೀತು. ಕಾನೂನಿನ ಅಡ್ಡಿಯೂ ದೊಡ್ಡದಲ್ಲ. ಕಾರಿನ ಲೈಸೆನ್ಸ್, ಅಂದರೆ ಲಘು ವಾಹನದ ಲೈಸೆನ್ಸ್, 7,500 ಕಿಲೋ ತೂಕದವರೆಗೆ ನಡೆಯುತ್ತದೆ. ನಿನ್ನೆಯವರೆಗೆ ಪುಟ್ಟ ಹ್ಯಾಚ್‌ಬ್ಯಾಕ್ ಓಡಿಸಿದವರು ಇಂದು ಅದರ ಎರಡು ಮೂರು ಪಟ್ಟು ತೂಕದ, ಹಿಂಬದಿ ಕಾಣದ ಗಾಡಿಯನ್ನು ಘಟ್ಟ ಹತ್ತಿಸಬಹುದು.

ಕಾಣದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಮಾರುಕಟ್ಟೆಯ ಉತ್ತರ ಸಿದ್ಧವಾಗಿದೆ: ಕ್ಯಾಮೆರಾ ಹಾಕಿಸಿ. ಹಿಂದಕ್ಕೊಂದು, ಎರಡು ಪಕ್ಕಕ್ಕೆ ಎರಡು, ಡ್ಯಾಶ್‌ಬೋರ್ಡಿನ ಮೇಲೊಂದು ಪರದೆ. ಈ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಗಾಡಿಯ ಹಿಂದೆ ಏನಿದೆ ಎಂದು ತೋರಿಸುವುದು ಒಂದು ಕೆಲಸ. ಜಾಗ ಖಾಲಿಯಿದೆ, ಬರಬಹುದು ಎಂದು ಹೊಣೆ ಹೊತ್ತು ಹೇಳುವುದು ಇನ್ನೊಂದು ಕೆಲಸ. ಕ್ಯಾಮೆರಾ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಎರಡನೆಯದನ್ನೂ ಅದೇ ಮಾಡುತ್ತದೆ ಎಂದು ನಂಬಿದಾಗ ಅಪಾಯ ಶುರುವಾಗುತ್ತದೆ.

ಮೊದಲು ಕುರುಡು ಜಾಗಗಳನ್ನು ಲೆಕ್ಕ ಹಾಕಬೇಕು. ಹಿಂಬದಿಯದು ಎಲ್ಲರಿಗೂ ಗೊತ್ತಿದೆ. ಎರಡನೆಯದು ಎಡಬದಿ: ಚಾಲಕ ಬಲಗಡೆ ಕೂರುವುದರಿಂದ ಎಡ ಬಾಗಿಲಿನ ಕೆಳಗೆ ಒತ್ತಿಕೊಂಡು ಬಂದ ಸ್ಕೂಟರ್ ಅವರಿಗೆ ಕಾಣುವುದೇ ಇಲ್ಲ. ಮೂರನೆಯದು ಮುಂಬದಿ: ಬಸ್ಸಿನ ಹಾಗೆ ಚಪ್ಪಟೆ ಮೂತಿಯ ಗಾಡಿಯಾದರೆ ಬಂಪರಿಗೆ ಅಂಟಿದಂತೆ ನಿಂತ ಚಿಕ್ಕ ಮಗು ಗಾಜಿನ ಕೆಳಗೇ ಉಳಿಯುತ್ತದೆ. ನಾಲ್ಕನೆಯದು ತಲೆಯ ಮೇಲೆ: ಚಾವಣಿಯ ಎಸಿ ಪೆಟ್ಟಿಗೆಗೆ ತಗಲುವ ಹಲಸಿನ ಕೊಂಬೆ, ಊರ ಬೀದಿಯಲ್ಲಿ ಜೋತುಬಿದ್ದ ತಂತಿ.

ಇದಕ್ಕೆಲ್ಲ ಒಂದೇ ಕನ್ನಡಿ ಸಾಲದು ಎಂದು ಜಗತ್ತು ಬಹಳ ಹಿಂದೆಯೇ ಒಪ್ಪಿದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 46ನೆಯದು ಕನ್ನಡಿಗಳನ್ನು ವರ್ಗಗಳಾಗಿ ವಿಂಗಡಿಸುತ್ತದೆ. ಒಳಗಿನ ಕನ್ನಡಿ ಮೊದಲ ವರ್ಗ. ಹೊರಗಿನ ಮುಖ್ಯ ಕನ್ನಡಿಗಳದು ಎರಡು ಮತ್ತು ಮೂರು. ಅಗಲ ನೋಟದ್ದು ನಾಲ್ಕು, ಬಾಗಿಲ ಮೇಲಿಂದ ನೆಲಕ್ಕೆ ಬಗ್ಗಿ ನೋಡುವ ಕನ್ನಡಿ ಐದು, ಮೂತಿಯ ಮುಂದಿನ ನೆಲ ತೋರಿಸುವುದು ಆರು. ಆ ನಿಯಮ ಇವನ್ನೂ ಕ್ಯಾಮೆರಾಗಳನ್ನೂ ಸೇರಿಸಿ ಪರೋಕ್ಷ ದೃಷ್ಟಿಯ ಸಾಧನಗಳೆಂದು ಕರೆಯುತ್ತದೆ. ಪರೋಕ್ಷ ಎಂದರೆ ಕಣ್ಣಿನ ಆಚೆಗಿನದು, ಕಣ್ಣೆದುರಿನದು ಪ್ರತ್ಯಕ್ಷ. ಇಷ್ಟು ಸಾಧನ ಕೂಡಿಸಿದರೂ ಕಂಡದ್ದು ಪರೋಕ್ಷವೇ ಎಂಬುದನ್ನು ಹೆಸರೇ ಒಪ್ಪಿಕೊಂಡಿದೆ.

ಕನ್ನಡಿಗೂ ತನ್ನ ಗುಣದೋಷಗಳಿವೆ. ಚಪ್ಪಟೆ ಕನ್ನಡಿ ದೂರವನ್ನು ಇದ್ದಂತೆ ತೋರಿಸುತ್ತದೆ, ಆದರೆ ಕಿರಿದಾಗಿ ತೋರಿಸುತ್ತದೆ. ಉಬ್ಬು ಕನ್ನಡಿ ಅಗಲವಾಗಿ ತೋರಿಸುತ್ತದೆ, ಆದರೆ ಎಲ್ಲವನ್ನೂ ಚಿಕ್ಕದು ಮಾಡುತ್ತದೆ. ಹತ್ತಿರದ ಬೈಕು ದೂರವಿದ್ದಂತೆ ಕಾಣುತ್ತದೆ. ಆದ್ದರಿಂದ ಲಾರಿಗಳಲ್ಲಿ ಒಂದರ ಕೆಳಗೊಂದು ಎರಡೂ ಇರುತ್ತವೆ: ಇದೆಯೋ ಇಲ್ಲವೋ ಎಂದು ತಿಳಿಯಲು ಉಬ್ಬಿದ್ದು, ಎಷ್ಟು ದೂರ ಎಂದು ತಿಳಿಯಲು ಚಪ್ಪಟೆಯದು. ಇದನ್ನು ಓದಿಕೊಳ್ಳುವುದಕ್ಕೆ ಅಭ್ಯಾಸ ಬೇಕು. ಬಾಡಿಗೆಯ ಕೀಲಿ ಕೈಗೆ ಬಂದ ಐದು ನಿಮಿಷದಲ್ಲಿ ಅದು ಬರುವುದಿಲ್ಲ.

ಕ್ಯಾಮೆರಾದ ಪರ ವಾದ ಗಟ್ಟಿಯಾದದ್ದೇ. ಪೆಟ್ಟಿಗೆಯಾಕಾರದ ಗಾಡಿಯ ಬೆನ್ನಿಗೆ ಅಂಟಿದ ನೆಲವನ್ನು ಪಕ್ಕದ ಯಾವ ಕನ್ನಡಿಯೂ ತೋರಿಸದು. ಅಮೆರಿಕದಲ್ಲಿ ತಂದೆಯೇ ಹಿಂದಕ್ಕೆ ತೆಗೆದ ಗಾಡಿಗೆ ಸಿಕ್ಕಿ 2 ವರ್ಷದ ಮಗು ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ 2008ರಲ್ಲಿ ಕಾನೂನು ಬಂತು. ಅದರ ಫಲವಾಗಿ 2018ರ ಮೇ ತಿಂಗಳಿನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು. ಮನೆಯ ಅಂಗಳದಲ್ಲಿ ಮಗುವನ್ನು ಕಳೆದುಕೊಂಡವರ ಹೋರಾಟದಿಂದ ಬಂದ ನಿಯಮ ಅದು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದು ನಿಲ್ಲುವ ಗೆರೆಯನ್ನೂ ನೋಡಬೇಕು. 10,000 ಪೌಂಡು, ಅಂದರೆ ಸುಮಾರು 4,536 ಕಿಲೋ ಮೀರಿದ ವಾಹನಗಳಿಗೆ ಅದು ಅನ್ವಯಿಸುವುದಿಲ್ಲ. ಹೆಚ್ಚು ಕುರುಡು ಇರುವ ದೊಡ್ಡ ಮೋಟರ್‌ಹೋಮ್‌ಗಳೇ ಹೊರಗುಳಿದವು. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾದದ್ದೂ ಇದೇ ದಾರಿಯ ಹೆಜ್ಜೆ.

ಹಾಗಿದ್ದರೂ ಪರದೆ ಕಣ್ಣಿಗೆ ಸಮನಲ್ಲ. ಕನ್ನಡಿಯ ಮುಂದೆ ತಲೆ ಅಲ್ಲಾಡಿಸಿದರೆ ನೋಟ ಬದಲಾಗುತ್ತದೆ, ಮೂಲೆಯಾಚೆ ಸ್ವಲ್ಪ ಇಣುಕಬಹುದು. ಪರದೆಯ ಮುಂದೆ ಎಷ್ಟು ಬಾಗಿದರೂ ಚಿತ್ರ ಅದೇ. ನಲವತ್ತು ದಾಟಿ ಚಾಳೀಸು ಬಂದವರಿಗೆ ಇನ್ನೊಂದು ತೊಡಕಿದೆ. ಚಪ್ಪಟೆ ಕನ್ನಡಿಯಲ್ಲಿ ಕಣ್ಣು ದೂರದ ವಸ್ತುವನ್ನೇ ನೋಡುತ್ತದೆ, ಹಾಗಾಗಿ ದೂರದ ಕನ್ನಡಕ ಸಾಕು. ಪರದೆ ಮಾತ್ರ ತೋಳಿನಳತೆಯಲ್ಲಿದೆ. ರಸ್ತೆಗೆ ಒಂದು ಕನ್ನಡಕ, ಪರದೆಗೆ ಇನ್ನೊಂದು ಎಂಬಂತಾಗುತ್ತದೆ. ಕೆಳಗೆ ಕೂರಿಸಿದ ಕ್ಯಾಮೆರಾ ಮಳೆಗಾಲದ ಮೊದಲ ಹತ್ತು ಕಿಲೋಮೀಟರಿನಲ್ಲೇ ಕೆಸರು ಮೆತ್ತಿಕೊಳ್ಳುತ್ತದೆ. ಪರದೆಯ ಮೇಲಿನ ಹಳದಿ ಹಸಿರು ಗೆರೆಗಳು ನೆಲ ಸಮತಟ್ಟಾಗಿದೆ ಎಂದುಕೊಂಡು ಎಳೆದವು; ಇಳಿಜಾರಿನ ಅಂಗಳದಲ್ಲಿ ಅವು ದಾರಿ ತಪ್ಪಿಸುತ್ತವೆ. ಕ್ಯಾಮೆರಾ ನೆಲ ನೋಡುತ್ತಿರುವಾಗ ಕೊಂಬೆ ಮೇಲಿರುತ್ತದೆ. ಹಿಂಚಕ್ರದಿಂದಾಚೆ ಚಾಚಿಕೊಂಡ ಗಾಡಿಯ ಬಾಲ, ತಿರುವಿನಲ್ಲಿ ಎದುರು ದಿಕ್ಕಿಗೆ ಬೀಸಿ ಪಕ್ಕದ ಗೋಡೆ ಸವರುತ್ತಿದ್ದರೆ, ಚಾಲಕರ ಕಣ್ಣು ಪರದೆಯಲ್ಲಿ ನೆಟ್ಟಿರುತ್ತದೆ.

ಕನ್ನಡಿ ವಾಹನಕ್ಕೆ ಬಂದ ಬಗೆಯಲ್ಲೇ ಈ ವಾದದ ಬೇರು ಇದೆ. 1911ರಲ್ಲಿ ನಡೆದ ಮೊದಲ ಇಂಡಿಯಾನಾಪೊಲಿಸ್ 500 ಓಟದಲ್ಲಿ ಉಳಿದವರ ಕಾರುಗಳಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಹಿಂದೆ ಯಾರು ಬರುತ್ತಿದ್ದಾರೆ ಎಂದು ತಿರುಗಿ ನೋಡಿ ಹೇಳುವುದು ಅವನ ಕೆಲಸಗಳಲ್ಲೊಂದು. ರೇ ಹ್ಯಾರೂನ್ ಒಬ್ಬನೇ ಬಂದ. ಇದು ಅಪಾಯ ಎಂದು ಉಳಿದವರು ಆಕ್ಷೇಪಿಸಿದಾಗ ಕಾರಿಗೆ ಒಂದು ಕನ್ನಡಿ ಕೂರಿಸಿಕೊಂಡ, ಓಟವನ್ನೂ ಗೆದ್ದ. ಇಟ್ಟಿಗೆ ಹಾಸಿದ ಆ ದಾರಿಯಲ್ಲಿ ಕನ್ನಡಿ ಅದುರಿ ಅದುರಿ ಏನೂ ಕಾಣುತ್ತಿರಲಿಲ್ಲ ಎಂದು ಆತನೇ ಮುಂದೆ ಹೇಳಿಕೊಂಡದ್ದುಂಟು. ಹಿಂದೆ ನೋಡಿ ಹೇಳುವ ಮನುಷ್ಯನನ್ನು ಇಳಿಸಿ ಕನ್ನಡಿಯನ್ನು ಕೂರಿಸಿದ್ದು ಅಲ್ಲಿ.

ಭಾರತದ ರಸ್ತೆಯಲ್ಲಿ ಆ ಮನುಷ್ಯ ಇಳಿಯಲೇ ಇಲ್ಲ. ಅವನ ಹೆಸರು ಕ್ಲೀನರ್. ಲಾರಿಯವರ ಮಾತಿನಲ್ಲಿ ಎಡ ಬಲ ಎಂಬುದೇ ಕಡಿಮೆ; ಒಂದು ಡ್ರೈವರ್ ಸೈಡ್, ಇನ್ನೊಂದು ಕ್ಲೀನರ್ ಸೈಡ್, ಬಸ್ಸಾದರೆ ಕಂಡಕ್ಟರ್ ಸೈಡ್. ಇದು ಬರೀ ರೂಢಿಯಲ್ಲ. ಎದುರುಬದುರು ನಿಂತವರಲ್ಲಿ ಒಬ್ಬರ ಎಡ ಇನ್ನೊಬ್ಬರ ಬಲವಾಗುತ್ತದೆ. ಕ್ಲೀನರ್ ಸೈಡ್ ಮಾತ್ರ ಎಲ್ಲಿ ನಿಂತು ಹೇಳಿದರೂ ಬದಲಾಗದು. ಚಾಲಕನಿಗೆ ಕಾಣದ ಪಕ್ಕಕ್ಕೆ, ಅದನ್ನು ನೋಡಿಕೊಳ್ಳುವವನ ಹೆಸರನ್ನೇ ಇಟ್ಟಿದ್ದಾರೆ.

ಅವನು ಕೂಗುವ ಮಾತೂ ಗಮನಿಸುವಂಥದ್ದು. ಗಾಡಿ ಹಿಂದಕ್ಕೆ ತೆಗೆಯುವಾಗ ಕನ್ನಡದಲ್ಲಿ 'ಬರ್ಲಿ ಬರ್ಲಿ', ಹಿಂದಿಯಲ್ಲಿ 'ಆನೇ ದೋ', ಮರಾಠಿಯಲ್ಲಿ 'ಯೇಊ ದೇ', ತೆಲುಗಿನಲ್ಲಿ 'ರಾನೀ ರಾನೀ'. ಭಾಷೆ ನಾಲ್ಕಾದರೂ ಅರ್ಥ ಒಂದೇ: ಬರಲು ಬಿಡು. ಅದು ಆಜ್ಞೆಯಲ್ಲ, ಮಾಹಿತಿಯೂ ಅಲ್ಲ, ಒಪ್ಪಿಗೆ. ಸ್ಟೇರಿಂಗ್ ಹಿಡಿದವರಿಗೆ ಕಾಣದ ಜಾಗವನ್ನು ಕಣ್ಣಾರೆ ಕಂಡವನು, ನಾನು ನೋಡಿದ್ದೇನೆ, ನನ್ನ ಹೊಣೆ ಎಂದು ಹೇಳುವ ಮಾತು. ಗಾಡಿಯ ಮೈಮೇಲೆ ಎರಡು ಬಡಿತ ಎಂದರೆ ರೈಟ್, ಒಂದು ಬಡಿತ ಎಂದರೆ ಹೋಲ್ಡಾನ್. ಯಾವ ಪರದೆಯೂ ಬರ್ಲಿ ಎನ್ನುವುದಿಲ್ಲ. ಅದು ತೋರಿಸುತ್ತದೆ, ಬರಬಹುದು ಎಂದು ತೀರ್ಮಾನಿಸುವುದು, ಪರದೆಯನ್ನೂ ಎರಡು ಕನ್ನಡಿಯನ್ನೂ ಒಟ್ಟಿಗೆ ನೋಡಲಾಗದ ಅದೇ ಒಂಟಿ ಚಾಲಕ.

ಕ್ಲೀನರ್‌ಗಿರಿಯನ್ನು ಹಾಡಿ ಹೊಗಳುವ ಅಗತ್ಯವಿಲ್ಲ. ಪುಡಿಗಾಸಿಗೆ, ಕ್ಯಾಬಿನ್ನಿನಲ್ಲೇ ಮಲಗಿ ದುಡಿಯುವ ಹುಡುಗರ ಬಾಳು ಅದು. ಗಾಡಿಗೂ ಗೋಡೆಗೂ ನಡುವೆ ನಿಂತು ಸಿಕ್ಕಿಹಾಕಿಕೊಳ್ಳುವ ಅಪಾಯ ಅವರಿಗೇ ಹೆಚ್ಚು. ಕ್ಯಾರವಾನ್‌ಗೊಬ್ಬ ಕ್ಲೀನರ್‌ನನ್ನು ನೇಮಿಸಿ ಎನ್ನುವುದು ಪರಿಹಾರವಲ್ಲ. ಆ ಕೆಲಸವನ್ನು ಗಾಡಿಯಲ್ಲಿರುವವರೇ ವಹಿಸಿಕೊಳ್ಳಬೇಕು. ಕುಟುಂಬದ ಪ್ರವಾಸದಲ್ಲಿ ಕ್ಲೀನರ್ ಸೈಡಿನ ಸೀಟಿನಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ, ಬಹುತೇಕ ಮೊಬೈಲ್ ನೋಡುತ್ತ. ಪರದೆ ಬಂದ ಮೇಲೆ ಅವರು ಇಳಿಯುವುದನ್ನೇ ಬಿಡುತ್ತಾರೆ.

ಲಂಡನ್ ನಗರ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ 12 ಟನ್ ಮೀರಿದ ಲಾರಿಗಳಿಗೆ 2021ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮ, ಚಾಲಕ ಕನ್ನಡಿಯಿಲ್ಲದೆ, ಗಾಜಿನ ಮೂಲಕ ನೇರವಾಗಿ ಎಷ್ಟು ಕಾಣಬಲ್ಲ ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ನಕ್ಷತ್ರ ಕೊಡುತ್ತದೆ. 2024ರ ಅಕ್ಟೋಬರ್‌ನಿಂದ ಮೂರಕ್ಕಿಂತ ಕಡಿಮೆ ಬಂದವರು ಕ್ಯಾಮೆರಾ, ಸೆನ್ಸರ್‌ಗಳನ್ನು ಸೇರಿಸಿಕೊಳ್ಳಬೇಕು. ಪ್ರತ್ಯಕ್ಷ ಮೊದಲು, ಅದು ಸಾಲದಾದಾಗ ಪರೋಕ್ಷ. ಭಾರತದಲ್ಲಿಯೂ 2025ರಲ್ಲಿ ಬಸ್ಸು ಲಾರಿಗಳಿಗೆ ಕುರುಡು ಜಾಗದ ಎಚ್ಚರಿಕೆ ಸಾಧನ ಬೇಕೆಂಬ ಕರಡು ನಿಯಮ ಹೊರಟಿದೆ. ಅದೇ ವರ್ಷ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಬಿಸಿಲಲ್ಲಿ ಬೇಯುವ ಚಾಲಕರಿಗೆ ಅದು ಸಲ್ಲಲೇಬೇಕಾದ ಸೌಕರ್ಯ. ಆದರೆ ಗಾಜು ಮೇಲೇರಿದರೆ ಹೊರಗಿನ ದನಿ ಒಳಗೆ ಬರುವುದಿಲ್ಲ. ಕ್ಯಾರವಾನ್‌ನ ಪಾಡೂ ಅಷ್ಟೇ: ಎಸಿ, ಹಾಡು, ಮಕ್ಕಳ ಗಲಾಟೆ. ಸಾಧನ ಹೆಚ್ಚಿಸುವಾಗ ದನಿಗೊಂದು ದಾರಿ ಉಳಿಸಬೇಕು.

ರಾಜ್ಯಗಳ ಪ್ರವಾಸ ನೀತಿ, ಬಾಡಿಗೆಯ ಕರಾರು, ಎರಡರಲ್ಲೂ ಇದಕ್ಕೆ ಜಾಗವಿರಬೇಕು. ಎಡಕ್ಕೆ ನೆಲ ನೋಡುವ ಕನ್ನಡಿ, ಮೂತಿ ಚಪ್ಪಟೆಯಾಗಿದ್ದರೆ ಮುಂಬದಿಗೊಂದು, ಬೆನ್ನಿಗೆ ಸಾಕಷ್ಟು ಎತ್ತರದಲ್ಲಿ ಕ್ಯಾಮೆರಾ: ಇಷ್ಟಿಲ್ಲದ ಕ್ಯಾರವಾನ್ ಬಾಡಿಗೆಗೆ ಹೋಗಬಾರದು. ಕೀಲಿ ಕೊಡುವಾಗ ಇಂಧನದ ಮುಳ್ಳು, ಮೈಮೇಲಿನ ಗೀರುಗಳನ್ನು ತೋರಿಸಿ ಸಹಿ ಹಾಕಿಸಿಕೊಳ್ಳುವವರು ಇನ್ನು ಅರ್ಧ ಗಂಟೆ ಕೊಡಬೇಕು. ಚಾಲಕರು ಎಂಜಿನ್ ಆರಿಸಿ ಸೀಟಿನಲ್ಲಿ ಕೂತು ಕನ್ನಡಿಗಳನ್ನು ತಮ್ಮ ಎತ್ತರಕ್ಕೆ ಹೊಂದಿಸಿಕೊಳ್ಳಲಿ. ಮನೆಯವರೊಬ್ಬರು ರಂಗೋಲಿ ಪುಡಿ ಹಿಡಿದು ಗಾಡಿಯ ಸುತ್ತ ನಡೆಯಲಿ. ಕಣ್ಣಿಂದ ಮರೆಯಾದಾಗಲೆಲ್ಲ ಒಳಗಿನಿಂದ ಕೂಗಿ ಹೇಳಿದರೆ ಅಲ್ಲೊಂದು ಗೆರೆ. ಸುತ್ತು ಮುಗಿದಾಗ ಕುರುಡು ಜಾಗದ ನಕ್ಷೆ ನೆಲದ ಮೇಲಿರುತ್ತದೆ. ಚಾಲಕರು ಇಳಿದು ಬಂದು ಅದನ್ನು ನೋಡಬೇಕು. ತನಗೆ ಕಾಣದ್ದು ಎಷ್ಟು ಎಂದು ಒಮ್ಮೆ ಕಂಡವರು ಪರದೆಯನ್ನು ಪೂರ್ತಿ ನಂಬುವುದಿಲ್ಲ.

ಉಳಿದದ್ದು ಹಿಂದಕ್ಕೆ ತೆಗೆಯುವಾಗಿನ ಶಿಸ್ತು. ಹಾಡು ನಿಲ್ಲಿಸಿ ಎರಡೂ ಗಾಜು ಇಳಿಸಬೇಕು. ಮಕ್ಕಳೆಲ್ಲ ಒಂದೇ ಕಡೆ, ದೊಡ್ಡವರೊಬ್ಬರ ಕೈಯಳತೆಯಲ್ಲಿರಬೇಕು. ಇಳಿದವರು ಗಾಡಿಯ ನೇರ ಹಿಂದೆ ನಿಲ್ಲದೆ, ಕನ್ನಡಿಯಲ್ಲಿ ಕಾಣುವಂತೆ ಓರೆಯಾಗಿ ನಿಲ್ಲಬೇಕು. ಒಮ್ಮೆ ನೆಲ, ಒಮ್ಮೆ ಕೊಂಬೆ ನೋಡಬೇಕು. ಅವರು ಕನ್ನಡಿಯಿಂದ ಮರೆಯಾದರೆ ಬ್ರೇಕ್, ಅವರ ಮಾತು ಕೇಳದಿದ್ದರೂ ಬ್ರೇಕ್. ಪರದೆಯಲ್ಲಿ ನೆಲ ಎಷ್ಟೇ ಖಾಲಿ ಕಂಡರೂ ಹೊರಗಿನಿಂದ ಬರ್ಲಿ ಎಂಬ ದನಿ ಬರುವ ತನಕ ಗಾಡಿ ಕದಲಬಾರದು.